ಪೋಸ್ಟಾಪೀಸಿನ ಚೆಕ್ಕು ಪುಸ್ತಕವೂ ಎನ್ನ ದಸ್ಕತ್ತೂ

ಮೊನ್ನೆ ಮಳೆ ಹಿಡಿವ ಮದಲೇ ಕಪಾಟು ಒತ್ತರೆ ಮಾಡುವೊ ಹೇಳಿ ಎಲ್ಲವನ್ನೂ ಹೆರ ಹಾಕಿ ಕೂದಿತ್ತಿದ್ದೆ. ಕೆಳಾಣ ಖಾನೆಲಿ, ಹಳೇ ಪಟ್ಟೆ ಸೀರೆಗಳ ಅಡಿಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತ್ತು. ಮುಚ್ಚಲು ತೆಗದು ನೋಡಿರೆ ಒಳ ಎನ್ನ ಅತ್ತೆಯ ಪೋಸ್ಟಾಪೀಸಿನ ಪಾಸ್ ಪುಸ್ತಕ! ಅತ್ತೆ ತೀರಿಹೋಗಿ ಆರು ವರ್ಷ ಆತು. ಖಾತೆಯ ಪೈಸೆ ಎಲ್ಲ ಅಂಬಗಳೇ ಇತ್ಯರ್ಥ ಆಯಿದು. ಈ ಹಳೇ ಪುಸ್ತಕ ಮಾಂತ್ರ ಹೇಂಗೋ ಒಳುದ್ದು.

ಕೆಲಸ ಅಲ್ಲಿಗೇ ನಿಂದತ್ತು. ನೆಲಲ್ಲಿ ಕೂದೊಂಡೇ ಪುಟ ಮೊಗಚ್ಚಿದೆ. ಶಾಯಿಲಿ ಬರದ ಅಂಕೆಗೊ: 5 ರೂಪಾಯಿ, 7 ರೂಪಾಯಿ, ಒಂದರಿ 11 ರೂಪಾಯಿ. ಪ್ರತಿ ಸಾಲಿನ ಕರೇಲಿ ಉರುಟು ಮೊಹರು. ಅದು ಡಿಪೋಕ್ಕೆ ಹಾಲು ಕೊಟ್ಟ ಪೈಸೆ, ಇರುಳು ಕೂದು ಕಟ್ಟಿದ ಹಿಡಿಸುಡಿಯ ಪೈಸೆ, ಗುಡ್ಡೆಲಿ ಹೆರ್ಕಿದ ಗೇರುಬೀಜದ ಪೈಸೆ. ಹಾಕಿದ ಸಾಲುಗೊ ಪುಟಗಟ್ಳೆ ಇದ್ದು. ತೆಗದ ಸಾಲು ಇಡೀ ಪುಸ್ತಕಲ್ಲಿ ಮೂರೇ ಮೂರು.

ಎಂತಕೆ ಮೂರೇ ಹೇಳಿ ಎನಗೆ ಗೊಂತಿದ್ದು. ಹಾಕುಲೆ ಸುಲಾಬ. ಆರು ಪೋಸ್ಟಾಪೀಸಿನ ಹೊಡೆಂಗೆ ಹೋವುತ್ತವೋ ಅವರ ಕೈಲಿ ಪುಸ್ತಕವನ್ನೂ ಪೈಸೆಯನ್ನೂ ಕೊಟ್ಟು ಕಳುಸಿರೆ ಆತು. ತೆಗೆಕ್ಕಾರೆ ಹಾಂಗಲ್ಲ. ನಾವೇ ಹೋಯೆಕ್ಕು, ಪಾರ್ಮಿಲಿ ದಸ್ಕತ್ತು ಹಾಕೆಕ್ಕು. ಪೇಟೆಗೆ ಹೋಯೆಕ್ಕಾರೆ ಆರಾದರೂ ಕರಕ್ಕೊಂಡು ಹೋಯೆಕ್ಕು. ಕರಕ್ಕೊಂಡು ಹೋಪವು "ಈಗ ಎಂತಕೆ ಪೈಸೆ?" ಹೇಳಿ ಕೇಳದ್ದೆ ಇರವು. ಆ ಒಂದು ಪ್ರಶ್ನೆಗೆ ಉತ್ತರ ಹೇಳ್ಲೆ ಮನಸ್ಸಿಲ್ಲದ್ದೆ ಅತ್ತೆ ಪೈಸೆ ತೆಗವದನ್ನೇ ಬಿಟ್ಟಿತ್ತಿದ್ದವು.

ಇಂದು ಆನು ಬರವಲೆ ಹೆರಟದು ಆ ಮೂರು ಸಾಲಿನ ವಿಷಯವೇ. ಎನ್ನ ಅಭಿಪ್ರಾಯ ಇಷ್ಟೇ: ಪೋಸ್ಟಾಪೀಸಿಲಿ ಉಳಿತಾಯ ಖಾತೆ ಇಪ್ಪ ಎಲ್ಲೋರಿಂಗೂ, ಅವು ಕೇಳದ್ರೂ ಕೂಡ, ಚೆಕ್ಕು ಪುಸ್ತಕ ಬೇಕೋ ಹೇಳಿ ಪೋಸ್ಟಾಪೀಸಿನವೇ ಕೇಳೆಕ್ಕು. ಕೊಟ್ಟಿಕ್ಕಿ, ಅದರ ಹೇಂಗೆ ಬರವದು ಹೇಳಿ ಹೇಳಿಕೊಡೆಕ್ಕು. ಮುಖ್ಯವಾಗಿ ನಮ್ಮ ಹೆಮ್ಮಕ್ಕೊಗೆ.

"ಪೋಸ್ಟಾಪೀಸಿಲಿ ಚೆಕ್ಕುದೇ ಕೊಡ್ತವೋ?" ಹೇಳಿ ನಿಂಗೊ ಕೇಳುಗು. ಕೊಡ್ತವು! ಈಗ ಸುರು ಮಾಡಿದ್ದಲ್ಲ, ಸುಮಾರು ಕಾಲಂದಲೇ ಇದ್ದು. ಎನಗುದೇ ಗೊಂತಿತ್ತಿಲ್ಲೆ. ಎನ್ನ ಖಾತೆ 1998ರಲ್ಲಿ, ಮಗಳು ಹುಟ್ಟಿದ ವರ್ಷ ತೆಗದ್ದು. ಚೆಕ್ಕಿನ ಸಂಗತಿ ಗೊಂತಪ್ಪಗ 2022. ಇಪ್ಪತ್ನಾಲ್ಕು ವರ್ಷ ಆ ಕವುಂಟರಿನ ಎದುರು ನಿಂದಿದೆ, ಒಂದರಿಯೂ ಆರೂ ಹೇಳಿದ್ದವಿಲ್ಲೆ. ಕೇಳೆಕ್ಕು ಹೇಳಿ ಎನಗೂ ಅಂದಾಜಿ ಆಯಿದಿಲ್ಲೆ.

ಗೊಂತಾದ ಕತೆ ಹೇಳ್ತೆ ಕೇಳಿ.

ಎನ್ನ ಅಪ್ಪ ತೀರಿಹೋಪ ಮದಲು ಎನ್ನ ಹೆಸರಿಲಿ 2 ಲಕ್ಷ ರೂಪಾಯಿ ಮಡಗಿದವು. "ಮಗಳೇ, ಇದು ನಿನ್ನದು" ಹೇಳಿದ್ದು ಅಷ್ಟೇ, ಮತ್ತೆಂತ ಹೇಳಿದ್ದವಿಲ್ಲೆ. ಆನು ಅದರ ಪೋಸ್ಟಾಪೀಸಿನ ತಿಂಗಳ ಬಡ್ಡಿಯ ಸ್ಕೀಮಿಲಿ ಹಾಕಿದೆ. ಆ ಬಡ್ಡಿಯ ಮದಲೆಲ್ಲ ನಗದಾಗಿ ತೆಕ್ಕೊಂಬಲೆ ಆಯ್ಕೊಂಡಿತ್ತು. 2022ರ ಏಪ್ರಿಲಿಂದ ಮತ್ತೆ ಹಾಂಗಿಲ್ಲೆ, ಬಡ್ಡಿ ಎಲ್ಲ ಉಳಿತಾಯ ಖಾತೆಗೇ ಬೀಳೆಕ್ಕು ಹೇಳಿ ಆತು. ಹಾಂಗಾಗಿ ಎನ್ನ ಉಳಿತಾಯ ಖಾತೆಲಿ ತಿಂಗಳು ತಿಂಗಳು ರೆಜ ರೆಜ ಪೈಸೆ ಬಂದು ಕೂಪಲೆ ಸುರುವಾತು. ಹಾಲಿನ ಪೈಸೆ, ಮಗಳು ಹಬ್ಬಕ್ಕೆ ಕೊಟ್ಟದು ಎಲ್ಲ ಸೇರಿ ಸುಮಾರು ಆಗಿತ್ತು.

ಆ ಸಮಯಕ್ಕೇ ಎನ್ನ ಅಬ್ಬೆಯ ಕಣ್ಣಿಂಗೆ ಪೊರೆ ಬಂತು. ಎಂಬತ್ತು ಕಳುದ ಜೀವ. ದೇವರ ದೀಪ ಹೊತ್ತುಸುವಗ ಬೆರಳು ಬೇಶಿಗೊಂಡಿತ್ತು, ಅಷ್ಟಪ್ಪಗ ತಮ್ಮಂಗೆ ಗೊಂತಾದ್ದು. ಆಪರೇಷನಿಂಗೆ 28,000 ರೂಪಾಯಿ ಹೇಳಿದವು. ತಮ್ಮನ ತೋಟ ಸುಳ್ಯದ ಹೊಡೆಲಿ ಇಪ್ಪದು. ಅಲ್ಯಾಣ ಹಳದಿ ರೋಗದ ಶುದ್ದಿ ನಿಂಗೊಗೆ ಗೊಂತೇ ಇದ್ದನ್ನೆ. ತಲೆ ಹಳದಿ ಆಗಿ, ಅಡಕ್ಕೆ ಉದುರಿ, ಮರ ಬೋಳು ಆಗಿ ನಿಂದಿದು. ಅವ "ಬಪ್ಪ ವರ್ಷ ನೋಡುವೊ" ಹೇಳಿದ. ಎನಗೆ ಆ ಮಾತು ಕೇಳಿ ಒಪ್ಪತ್ತು ಉಂಬಲೆ ಎಡಿಗಾಯಿದಿಲ್ಲೆ. ಎಂಬತ್ತು ಕಳುದೋರಿಂಗೆ ಬಪ್ಪ ವರ್ಷ ಹೇಳಿ ಹೇಳುದು ಹೇಂಗೆ?

ಪೈಸೆ ಎನ್ನತ್ರೆ ಇದ್ದು. ಅಪ್ಪನದ್ದೇ ಪೈಸೆ. ಅಬ್ಬೆಯ ಕಣ್ಣಿಂಗೆ ಹೋಯೆಕ್ಕಾದ್ದೇ. ಆದರೆ ಆಸ್ಪತ್ರೆ ಇಪ್ಪದು ಒಂದು ಊರಿಲಿ, ಪೋಸ್ಟಾಪೀಸು ಇನ್ನೊಂದು ಊರಿಲಿ. 28,000 ನಗದು ಮಡಿಕ್ಕೊಂಡು ಎರಡು ಬಸ್ಸು ಬದಲ್ಸಿ ಹೋಪಲೆ ಹೆದರಿಕೆ. ಪೈಸೆ ತೆಗವಲೆ ಹೇಳಿ ಪೇಟೆಗೆ ಹೋದ ದಿನ ಪೋಸ್ಟಾಪೀಸಿಲಿ ಸರ್ವರ್ ಇಲ್ಲೆ. ಬೆಂಚಿಲಿ ಕೂದಿಪ್ಪಗ ಗೋಡೆಲಿ ಅಂಟಿಸಿದ ಒಂದು ಕಾಗದ ಕಂಡತ್ತು. ಆವ ಕೆಲಸಕ್ಕೆ ಎಷ್ಟು ಶುಲ್ಕ ಹೇಳ್ತ ಪಟ್ಟಿ. ಪಾಸ್ ಪುಸ್ತಕ ಹೋದರೆ ಇನ್ನೊಂದಕ್ಕೆ ಇಷ್ಟು, ಖಾತೆ ವರ್ಗಕ್ಕೆ ಇಷ್ಟು. ಅದರ ನಡೂಕೆ: ಚೆಕ್ಕು ಪುಸ್ತಕ, ವರ್ಷಕ್ಕೆ 10 ಹಾಳೆ ವರೆಗೆ ಶುಲ್ಕ ಇಲ್ಲೆ, ಮತ್ತೆ ಹಾಳೆಗೆ 2 ರೂಪಾಯಿ.

ಆನು ಎರಡು ಸರ್ತಿ ಓದಿದೆ. ಕನ್ನಡ್ಕ ತೆಗದು ಉದ್ದಿ ಮತ್ತೊಂದರಿ ಓದಿದೆ.

ಕವುಂಟರಿಂಗೆ ಹೋಗಿ ಕೇಳಿದೆ, ಚೆಕ್ ಬುಕ್ ಬೇಕಿತ್ತು ಹೇಳಿ. ಅಲ್ಲಿ ಕೂದವು ಎನ್ನ ಮೋರೆ ನೋಡಿದವು. "ಚೆಕ್ ಬುಕ್ಕಾ? ನಿಮಗೆ ಎಂತಕ್ಕಮ್ಮ? ಯಜಮಾನರಿಗೆ ಗೊತ್ತುಂಟಾ?"

ಜೋರಿಲಿ ಕೇಳಿದ್ದಲ್ಲ, ನೆಗೆ ಮಾಡಿಗೊಂಡೇ ಕೇಳಿದ್ದು. ಒಳ್ಳೆದಕ್ಕೇ ಕೇಳಿದ್ದು ಆಗಿಕ್ಕು. ಆನು ಎಂತ ಹೇಳಿದೆ ಹೇಳಿ ಬರವಲೆ ಎನಗೀಗಳೂ ನಾಚಿಕೆ ಆವುತ್ತು. "ಗೊತ್ತುಂಟು" ಹೇಳಿದೆ. ಲೊಟ್ಟೆ ಅದು. ಎಜಮಾನ್ರಿಂಗೆ ಗೊಂತಿತ್ತಿಲ್ಲೆ. ಅವಕ್ಕೆ ಗೊಂತಿರೆಕ್ಕಾದ ಅಗತ್ಯ ಎಂತ ಇದ್ದು ಹೇಳಿ ಕೇಳ್ಲೆ ಆ ಹೊತ್ತಿಂಗೆ ಬಾಯಿ ಬಯಿಂದಿಲ್ಲೆ. ಖಾತೆ ಎನ್ನದು, ಪೈಸೆ ಎನ್ನ ಅಪ್ಪ ಕೊಟ್ಟದು, ಪಟ ಎನ್ನದು, ದಸ್ಕತ್ತು ಎನ್ನದು. ಈ ಉತ್ತರ ಎಲ್ಲ ಹೊಳದ್ದು ಇರುಳು ಮನುಗಿದ ಮತ್ತೆ. ಯೇವಗಳೂ ಹಾಂಗೇ ಅಲ್ಲದಾ ನವಗೆ?

ಅರ್ಜಿ ಕೊಟ್ಟಿಕ್ಕಿ ಬಂದೆ. ಮತ್ತೊಂದು ಬಙ. 1998ರ ದಸ್ಕತ್ತು ಈಗ ತಾಳೆ ಆವುತ್ತಿಲ್ಲೆ! ಅಂಬಗ ಪಿಯುಸಿ ಮುಗುಶಿ ಮದುವೆ ಆದ ಹೊಸತ್ತು, ಅಕ್ಷರ ಉರುಟು ಉರುಟು ಇತ್ತು. ಮತ್ತೆ ಇಷ್ಟು ವರ್ಷ ಬರದ್ದೆಂತರ? ಹಾಲಿನ ಲೆಕ್ಕ, ದಿನಸಿ ಚೀಟಿ, ಮಕ್ಕಳ ಪ್ರೋಗ್ರೆಸ್ ಕಾರ್ಡಿಂಗೂ ಅಪ್ಪನ ದಸ್ಕತ್ತೇ. ಹೊಸ ದಸ್ಕತ್ತು ಕೊಟ್ಟು, ಪಟ ಕೊಟ್ಟು, ಆಧಾರ್ ಕೊಟ್ಟು, ಎರಡು ಸರ್ತಿ ಪೇಟೆಗೆ ಹೋಗಿ ಬಂದ ಮತ್ತೆ ಪುಸ್ತಕ ಕೈಗೆ ಸಿಕ್ಕಿತ್ತು. ಸಣ್ಣ ಪುಸ್ತಕ, ತೆಳು ಹಾಳೆ. ಬಸ್ಸಿಲಿ ಬಪ್ಪಗ ಚೀಲದ ಒಳ ಕೈ ಹಾಕಿ ಹಾಕಿ ಮುಟ್ಟಿ ನೋಡಿದೆ.

ಸುರುವಾಣ ಚೆಕ್ಕು ಬರವಲೆ ಎನಗೆ ಒಂದು ಗಂಟೆ ಬೇಕಾತು. ಮದಲು ದಿನಸಿ ಚೀಟಿಯ ಹಿಂದಾಣ ಹೊಡೆಲಿ ಬರದು ಅಭ್ಯಾಸ ಮಾಡಿದೆ. ಇಪ್ಪತ್ತೆಂಟು ಸಾವಿರ ಮಾತ್ರ. ಕೈ ನಡುಗಿತ್ತು ಹೇಳಿರೆ ನಿಂಗೊ ನೆಗೆ ಮಾಡುಗು. ಐವತ್ತು ಜೆನಕ್ಕೆ ಹೋಳಿಗೆ ಬೇಶುವಗ ನಡುಗದ್ದ ಕೈ ಇದು.

ಆಸ್ಪತ್ರೆಗೆ ತೆಕ್ಕೊಂಡು ಹೋದರೆ ಅಲ್ಲಿ ಕ್ಯಾಶಿಲಿ ಕೂದ ಕೂಸು ಚೆಕ್ಕಿನ ತಿರುಗುಸಿ ಮೊಗಚ್ಚಿ ನೋಡಿತ್ತು. "ಇದು ಪೋಸ್ಟ್ ಆಫೀಸಿನದ್ದು, ನಡಿಯುದಿಲ್ಲ. ಬ್ಯಾಂಕಿಂದು ಕೊಡಿ" ಹೇಳಿತ್ತು. ಆನು ಇದು ಪಾಸಾವುತ್ತು ಹೇಳಿ ಎಷ್ಟು ಹೇಳಿರೂ ಕೇಳಿದ್ದಿಲ್ಲೆ. ಅಬ್ಬೆ ಕರೇಲಿ ಕುರ್ಚಿಲಿ ಕೂದು "ಎಂತಾತು ಮಗಳೇ?" ಹೇಳಿ ಕೇಳ್ತಾ ಇತ್ತು, ಅದಕ್ಕೆ ಎನ್ನ ಮೋರೆ ಕಾಣ್ತಿಲ್ಲೆ ಹೇಳುದೊಂದೇ ಸಮಾದಾನ. ಅಕೇರಿಗೆ ತಮ್ಮ ಆರತ್ರೋ ಕೈಸಾಲ ತೆಕ್ಕೊಂಡು ಕಟ್ಟಿದ. ಆನು ಚೆಕ್ಕಿನ ಅವನ ಹೆಸರಿಂಗೆ ಬರದು ಕೊಟ್ಟೆ. ಅವ ಅದರ ಅವನ ಬೇಂಕಿಲಿ ಹಾಕಿದ. ಮೂರನೇ ದಿನ ಪಾಸಾತು! ಎಂತ ತಾಪತ್ರಯವೂ ಇಲ್ಲದ್ದೆ ಪಾಸಾತು.

ಮತ್ತೆ ಎನ್ನ ಅಣ್ಣನ ಮಗ, ವಕೀಲ ಅವ, ವಿವರುಸಿ ಹೇಳಿದ. ಚೆಕ್ಕಿಂಗೆ ಸಂಬಂಧಪಟ್ಟ ಕಾನೂನು 1881ನೇ ಇಸವಿದು. ಅದರ 3ನೇ ಸೆಕ್ಷನಿಲಿ ಬೇಂಕರ್ ಹೇಳಿರೆ ಆರು ಹೇಳಿ ಹೇಳುವಲ್ಲಿ ಪೋಸ್ಟಾಪೀಸಿನ ಉಳಿತಾಯ ಬೇಂಕಿನ ಹೆಸರುದೇ ಇದ್ದಡ. ಹೇಳಿರೆ ಪೋಸ್ಟಾಪೀಸಿನ ಚೆಕ್ಕು ಕಾನೂನಿನ ಕಣ್ಣಿಲಿ ಬೇಂಕಿನ ಚೆಕ್ಕಿಂಗೆ ಏನೂ ಕಮ್ಮಿ ಅಲ್ಲ. ಕ್ಲಿಯರಿಂಗಿಂಗೂ ಹೋವುತ್ತು. ಕಾನೂನಿಂಗೆ ಗೊಂತಿಪ್ಪದು ಆಸ್ಪತ್ರೆಯ ಕ್ಯಾಶ್ ಕವುಂಟರಿಂಗೆ ಗೊಂತಿಲ್ಲೆ. ಅದರ ತಪ್ಪಲ್ಲ. ಪೋಸ್ಟಾಪೀಸಿನ ಚೆಕ್ಕಿನ ಅದು ಮದಲು ಕಂಡದ್ದೇ ಇಲ್ಲೆ. ಆರಿಂಗೂ ಕೊಡದ್ದೆ ಒಳ ಮಡಿಕ್ಕೊಂಡರೆ ಕಾಂಬದು ಹೇಂಗೆ?

ಮನಗೆ ಬಂದು ಎಜಮಾನ್ರತ್ರೆ ಹೇಳಿದೆ. ಅವು ಬೈದ್ದವಿಲ್ಲೆ, ಆದರೆ ಮೋರೆ ಸಣ್ಣ ಮಾಡಿದವು. "ಎನ್ನತ್ರೆ ಕೇಳಿದ್ದರೆ ಆನು ಕೊಡ್ತಿತ್ತಿಲ್ಲೆಯೋ?" ಹೇಳಿ ಕೇಳಿದವು. ಕೊಡ್ತಿತ್ತವು, ಸಂಶಯ ಇಲ್ಲೆ. ಮೂವತ್ತು ವರ್ಷಲ್ಲಿ ಎನಗೆ ಬೇಕಾದ್ದಕ್ಕೆ ಇಲ್ಲೆ ಹೇಳಿದ ಮನುಷ್ಯ ಅಲ್ಲ ಅವು. ಆದರೆ ಕೇಳೆಕ್ಕಾವುತ್ತಿತ್ತು. ಅಪ್ಪನ ಮನೆಯ ಖರ್ಚಿಂಗೆ ಕೇಳುವಗ ಸ್ವರ ಸಣ್ಣ ಆವುತ್ತು, ಅದು ಹೆಮ್ಮಕ್ಕೊಗೆ ಮಾಂತ್ರ ಗೊಂತಕ್ಕಷ್ಟೆ. ಇದರ ಅವಕ್ಕೆ ಹೇಳಿದೆ. ರೆಜ ಹೊತ್ತು ಸುಮ್ಮನೆ ಕೂದಿಕ್ಕಿ, "ಅಪ್ಪು, ಅದು ಎನಗೆ ಹೊಳದ್ದಿಲ್ಲೆ" ಹೇಳಿದವು. ಎನಗೆ ಅಷ್ಟೇ ಸಾಕಾತು.

ಈಗ ಸಂಗತಿಗೆ ಬತ್ತೆ.

ನಮ್ಮ ಜಿಲ್ಲೆ ಬೇಂಕುಗಳ ಅಬ್ಬೆಮನೆ. ಕೆನರಾ, ಕಾರ್ಪೊರೇಶನ್, ಕರ್ನಾಟಕ, ಸಿಂಡಿಕೇಟ್, ವಿಜಯಾ, ಐದು ಬೇಂಕು ಹುಟ್ಟಿದ್ದು ಅಂದ್ರಾಣ ಅವಿಭಜಿತ ದಕ್ಷಿಣ ಕನ್ನಡಲ್ಲಿ. ಅಷ್ಟಿದ್ದರೂ ನಮ್ಮ ಅಜ್ಜಿಯಕ್ಕೊ, ಅತ್ತೆಯಕ್ಕೊ ಪೈಸೆ ಮಡಗಿದ್ದು ಪೋಸ್ಟಾಪೀಸಿಲಿ. ಎಂತಕೆ? ಬೇಂಕು ಪೇಟೆಲಿ, ಪೋಸ್ಟಾಪೀಸು ಊರಿಲಿ. ಬೇಂಕಿಲಿ ಗೆಂಡುಮಕ್ಕಳ ಅಡಕ್ಕೆ ವ್ಯವಹಾರ. ಪೋಸ್ಟಾಪೀಸಿಲಿ 5 ರೂಪಾಯಿ ತೆಕ್ಕೊಂಡು ಹೋದರೂ ಮೋರೆ ತಿರುಗುಸವು. ಪೋಸ್ಟಾಪೀಸಿನ ಉಳಿತಾಯ ಬೇಂಕು ದೇಶಲ್ಲಿ ಸುರುವಾದ್ದು 1882ರಲ್ಲಿ. ಈಗ ದೇಶಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪೋಸ್ಟಾಪೀಸು ಇದ್ದು, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಲೇ ಇಪ್ಪದು. ತಿಂಗಳು ತಿಂಗಳು ಆರ್.ಡಿ. ಪೈಸೆ ಸೇರುಸಿಗೊಂಡು ಮನೆ ಮನಗೆ ಬಪ್ಪ ಏಜೆಂಟುಗೊ ಕೂಡ ಹೆಮ್ಮಕ್ಕಳೇ. ಅಂಬಗ ಹೆಮ್ಮಕ್ಕಳ ಕೈಂದ ಪೈಸೆ ತೆಕ್ಕೊಂಬಲೆ ಇಷ್ಟೆಲ್ಲ ದಾರಿ ಮಾಡಿದವು, ಹೆಮ್ಮಕ್ಕಳ ಕೈಗೆ ಪೈಸೆಯ ಅಧಿಕಾರ ಕೊಡುವ ದಾರಿಯ ಗೋಡೆಲಿ ಅಂಟಿಸಿದ ಕಾಗದಲ್ಲಿ ಮಾಂತ್ರ ಮಡುಗಿರೆ ಹೇಂಗೆ?

ಇನ್ನೊಂದು ಲೆಕ್ಕ ನೋಡಿ. ಮದಲು ಪೋಸ್ಟಾಪೀಸಿನ ಖಾತೆಲಿ ಚೆಕ್ಕು ಬೇಡದ್ದವು 50 ರೂಪಾಯಿ ಒಳುಶಿರೆ ಸಾಕಿತ್ತು. ಚೆಕ್ಕು ಬೇಕಾದವು 500 ರೂಪಾಯಿ ಒಳುಶೆಕ್ಕಿತ್ತು. 2019ರ ಡಿಸೆಂಬರಿಲಿ ಹೊಸ ನಿಯಮ ಬಂತು. ಅದರಿಂದ ಮತ್ತೆ ಚೆಕ್ಕು ಇದ್ದರೂ ಇಲ್ಲದ್ರೂ ಎಲ್ಲೋರೂ 500 ಒಳುಶೆಕ್ಕು. ಹೇಳಿರೆ ಚೆಕ್ಕಿಂಗೆ ಬೇಕಾಗಿ ಮಡುಗೆಕ್ಕಾದ ಪೈಸೆಯ ನಾವೆಲ್ಲೋರೂ ಈಗಾಗಲೇ ಮಡಗಿದ್ದು. ಊಟಕ್ಕೆ ಪೈಸೆ ಕೊಟ್ಟು ಎಲೆ ಹಾಕಿ ಕೂದ ಹಾಂಗಾತು, ಅಶನ ಬಪ್ಪದು ಮಾಂತ್ರ ಕೇಳಿದವಕ್ಕೆ. ಇದು ಸರಿಯೋ? ನಿಂಗಳೇ ಹೇಳಿ.

ಇನ್ನು ಎನ್ನ ಮಗ ಹೇಳುದು ಬೇರೆ. "ಅಮ್ಮಾ, ಈಗ ಆರು ಚೆಕ್ಕು ಬರೆತ್ತವು? ಮೊಬೈಲಿಲಿ ಒತ್ತಿರೆ ಪೈಸೆ ಹೋವುತ್ತು. ನೀನು ಎತ್ತಿನಗಾಡಿ ಬೇಕು ಹೇಳ್ತೆ." ಅವ ಹೇಳುದು ಲೊಟ್ಟೆ ಅಲ್ಲ. 2018ರಲ್ಲಿ ಪೋಸ್ಟಾಪೀಸಿನ ಪೇಮೆಂಟ್ಸ್ ಬೇಂಕುದೇ ಸುರುವಾಯಿದು. 2022ರ ಮೇ ತಿಂಗಳಿಂದ ಪೋಸ್ಟಾಪೀಸಿನ ಉಳಿತಾಯ ಖಾತೆಂದ ಬೇರೆ ಬೇಂಕಿಂಗೆ ನೆಫ್ಟ್ ಮಾಡ್ಲೂ ಎಡಿಗು. ಒಳ್ಳೆದೇ. ಅದು ಬೇಡ ಹೇಳ್ತಿಲ್ಲೆ ಆನು, ಹಾಲಿನವಂಗೆ ಆನುದೇ ಮೊಬೈಲಿಲೇ ಕಳುಸುದು.

ಆದರೆ ನಮ್ಮ ಬೈಲಿನ ಎಪ್ಪತ್ತು ಕಳುದ ಅಜ್ಜಿಯಕ್ಕಳ ನೆಂಪು ಮಾಡಿ. ಅವರ ಮೊಬೈಲಿನ ಗುಟ್ಟಿನ ನಂಬ್ರ ಆರತ್ರೆ ಇಪ್ಪದು? ಮಗನತ್ರೆ, ಪುಳ್ಳಿಯತ್ರೆ. ಪೈಸೆ ಕಳುಸುದುದೇ ಅವ್ವೇ. ಅಲ್ಲಿಗೆ "ಎಂತಕೆ ಪೈಸೆ?" ಹೇಳ್ತ ಪ್ರಶ್ನೆ ಪೇಟೆಯ ದಾರಿಂದ ಚಾವಡಿಗೆ ಬಂತು, ಅಷ್ಟೇ ವ್ಯತ್ಯಾಸ. ಮತ್ತೆ ಒಟಿಪಿ ಕೇಳಿ ಪೋನು ಮಾಡ್ತ ಕಳ್ಳಂಗೊ ಎಷ್ಟು ಜೆನ! ಎಂಗಳ ಗುಡ್ಡೆಕರೆಲಿ ಗಾಳಿ ಮಳೆ ಬಂದರೆ ಮೂರು ದಿನ ಕರೆಂಟು ಇಲ್ಲೆ, ಟವರುದೇ ಇಲ್ಲೆ. ಚೆಕ್ಕಿಂಗೆ ಚಾರ್ಜು ಬೇಡ. ಶಾಲೆಗೆ ಹೋಗಿ ಹೆಸರು ಬರವಲೆ ಕಲ್ತವಕ್ಕೆ ಅದು ಗೊಂತಿಪ್ಪ ಕೆಲಸ: ಕೂದು, ಯೋಚನೆ ಮಾಡಿ, ಬರದು, ದಸ್ಕತ್ತು ಹಾಕುದು. ಆರಿಂಗೆ ಕೊಟ್ಟದು, ಎಂದು ಕೊಟ್ಟದು, ಎಷ್ಟು ಕೊಟ್ಟದು ಹೇಳಿ ಎರಡೂ ಹೊಡೆಂಗೆ ದಾಖಲೆ ಇರ್ತು. ನಾಳೆ ಆರಾದರೂ "ಕೊಟ್ಟಿದಿಲ್ಲೆ" ಹೇಳುವ ಹಾಂಗಿಲ್ಲೆ.

ಎನ್ನ ಮಾತಿಂಗೆ ನಿಜವಾದ ಆಕ್ಷೇಪ ಬೇರೆ ಒಂದಿದ್ದು, ಅದರ ಹೇಳದ್ದೆ ಬಿಟ್ಟರೆ ಆನು ನಿಂಗೊಗೆ ಮೋಸ ಮಾಡಿದ ಹಾಂಗಕ್ಕು. ಚೆಕ್ಕಿಲಿ ಅಪಾಯ ಇದ್ದು. ಖಾಲಿ ಚೆಕ್ಕಿಂಗೆ ಹೆಂಡತಿಯ ದಸ್ಕತ್ತು ಹಾಕುಸಿ ಸಾಲಕ್ಕೆ ಜಾಮೀನಾಗಿ ಕೊಟ್ಟ ಕತೆ ಆನು ಬೇಕಾದಷ್ಟು ಕೇಳಿದ್ದೆ. ಖಾತೆಲಿ ಪೈಸೆ ಇಲ್ಲದ್ದೆ, ಕೊಡೆಕ್ಕಾದ ಬಾಕಿಗೆ ಕೊಟ್ಟ ಚೆಕ್ಕು ವಾಪಾಸು ಬಂದರೆ, ನೋಟೀಸು ಬಂದ ಮತ್ತೆಯೂ ಕಟ್ಟದ್ರೆ, ಅದು 138ನೇ ಸೆಕ್ಷನಿನ ಕೇಸು. ಎರಡು ವರ್ಷ ವರೆಗೆ ಜೈಲು, ಇಲ್ಲದ್ರೆ ಚೆಕ್ಕಿನ ಮೊತ್ತದ ಎರಡು ಪಾಲು ವರೆಗೆ ದಂಡ, ಇಲ್ಲದ್ರೆ ಎರಡೂ. ಕೋರ್ಟಿಂಗೆ ಹೋಯೆಕ್ಕಾದ್ದು ದಸ್ಕತ್ತು ಹಾಕಿದವು, ಹಾಕುಸಿದವು ಅಲ್ಲ.

"ಹಾಂಗಾರೆ ಹೆಮ್ಮಕ್ಕೊಗೆ ಚೆಕ್ಕು ಇಲ್ಲದ್ದೆ ಇಪ್ಪದೇ ಕ್ಷೇಮ ಅಲ್ಲದಾ?" ಹೇಳಿ ಎನ್ನ ಓರಗಿತ್ತಿ ಕೇಳಿತ್ತು. ಯೋಚನೆ ಮಾಡೆಕ್ಕಾದ ಮಾತೇ. ಆದರೆ ಪೀಶಕತ್ತಿಲಿ ಕೈ ಕೊಯಿತ್ತು ಹೇಳಿ ಹೆಮ್ಮಕ್ಕೊಗೆ ಪೀಶಕತ್ತಿ ಕೊಡದ್ದೆ ಕೂದ ಮನೆ ಇದ್ದೋ? ಹಿಡಿವ ಕ್ರಮ ಕಲಿಶಿದವು ನವಗೆ. ಹಾಂಗೇ ಇದರನ್ನೂ ಕಲಿಶೆಕ್ಕು. ಆನು ಕಲ್ತದರ ಇಲ್ಲಿ ಬರದು ಮಡುಗುತ್ತೆ, ಆರಿಂಗಾದರೂ ಉಪಕಾರ ಅಕ್ಕು.

ಹೆಸರು, ಮೊತ್ತ, ತಾರೀಕು ಎಲ್ಲ ತುಂಬುಸಿದ ಮತ್ತೆಯೇ ದಸ್ಕತ್ತು ಹಾಕುದು. ಖಾಲಿ ಚೆಕ್ಕಿಂಗೆ ಆರು ಹೇಳಿರೂ ದಸ್ಕತ್ತು ಹಾಕಲಾಗ, ಗೆಂಡ ಹೇಳಿರೂ, ಮಗ ಹೇಳಿರೂ. ಎಡದ ಮೂಲೆಲಿ ಎರಡು ಓರೆ ಗೆರೆ ಎಳದು ನಡುಕೆ "ಎ/ಸಿ ಪೇಯಿ" ಅಥವಾ "ಖಾತೆದಾರರಿಗೆ ಮಾತ್ರ" ಹೇಳಿ ಬರದರೆ, ಪೈಸೆ ಆ ಹೆಸರಿನ ಖಾತೆಗೇ ಹೋಕಷ್ಟೆ, ದಾರಿಲಿ ಚೆಕ್ಕು ಬಿದ್ದು ಸಿಕ್ಕಿದವಂಗೆ ನಗದು ಸಿಕ್ಕ. ಅಕ್ಷರಲ್ಲಿ ಮೊತ್ತ ಬರದು "ಮಾತ್ರ" ಹೇಳಿ ಮುಗುಶೆಕ್ಕು, ಒಳುದ ಜಾಗೆಗೆ ಗೆರೆ ಎಳೆಯೆಕ್ಕು. ತಪ್ಪಿರೆ ತಿದ್ದುಲಾಗ, ಆ ಹಾಳೆಯ ರದ್ದು ಮಾಡಿ ಹೊಸತ್ತು ಬರವದೇ ಒಳ್ಳೆದು. ಚೆಕ್ಕಿಂಗೆ ತಾರೀಕಿಂದ ಮೂರು ತಿಂಗಳು ಮಾಂತ್ರ ಆಯುಷ್ಯ. ಬರದ್ದರ ಒಂದು ಪುಸ್ತಕಲ್ಲಿ ಗುರ್ತ ಮಾಡಿ ಮಡುಗೆಕ್ಕು. ಖಾತೆಲಿ ಅಷ್ಟು ಪೈಸೆ ಇದ್ದೋ, ಮೇಗಂದ 500 ಒಳಿತ್ತೋ ಹೇಳಿ ನೋಡಿಗೊಂಡೇ ಬರವದು. ಇಷ್ಟೇ. ಉಪ್ಪಿನಕಾಯಿ ಹಾಕುದು ಇದರಿಂದ ಕಷ್ಟದ ಕೆಲಸ.

ಇನ್ನು ಪೋಸ್ಟಾಪೀಸಿನ ಜೆನಂಗಳ ಕಷ್ಟವೂ ಎನಗೆ ಕಾಣ್ತು. ಒಂದೇ ಕವುಂಟರಿಲಿ ಸ್ಪೀಡ್ ಪೋಸ್ಟು, ಆಧಾರ್, ಆರ್.ಡಿ., ಪೆನ್ಶನು ಎಲ್ಲ. ನಡೂಕೆ ಸರ್ವರ್ ನಿಂದರೆ ಬೈಗಳು ತಿಂಬದು ಅವು. ಅವಕ್ಕೆ ಇನ್ನೊಂದು ಹೊರೆ ಹೊರುಸೆಕ್ಕು ಹೇಳಿ ಎನಗಿಲ್ಲೆ. ಆದರೆ ಎನ್ನ 28,000ಕ್ಕೆ ಚೆಕ್ಕು ಇಲ್ಲದ್ದರೆ ಆನು ಅದೇ ಕವುಂಟರಿನ ಎದುರು ನಿಂದು ಪಾರ್ಮು ತುಂಬುಸೆಕ್ಕಿತ್ತು, ಅವು ಅಷ್ಟು ನೋಟು ಎಣಿಶೆಕ್ಕಿತ್ತು. ಚೆಕ್ಕು ಬರದು ಕೊಟ್ಟದಕ್ಕೆ ಆ ದಿನ ಆ ಸಾಲಿಲಿ ಒಂದು ಜೆನ ಕಮ್ಮಿ ಆತು.

ಎನಗೆ ಬೇಕಾದ್ದು ದೊಡ್ಡ ಸಂಗತಿ ಎಂತದೂ ಅಲ್ಲ. ಖಾತೆ ತೆಗವಗಳೇ "ಚೆಕ್ಕು ಪುಸ್ತಕ ಬೇಕಾ?" ಹೇಳಿ ಒಂದು ಮಾತು ಕೇಳಲಿ. ಹಳೇ ಖಾತೆದಾರರಿಂಗೆ ಪಾಸ್ ಪುಸ್ತಕ ಪ್ರಿಂಟು ಮಾಡುವಗ ಹೇಳಲಿ. ಬರವ ಕ್ರಮವ ಕನ್ನಡಲ್ಲಿ ಒಂದು ಹಾಳೆಲಿ ಅಚ್ಚು ಹಾಕಿ ಪುಸ್ತಕದ ಒಟ್ಟಿಂಗೆ ಕೊಡಲಿ. ಪೋಸ್ಟಾಪೀಸಿನ ಚೆಕ್ಕು ಬೇಂಕಿಲಿ ಪಾಸಾವುತ್ತು ಹೇಳಿ ಊರಿಂಗೆ ಕಾಂಬ ಹಾಂಗೆ ಬೋರ್ಡು ಹಾಕಲಿ, ಆಸ್ಪತ್ರೆಗೂ ಶಾಲೆಗೂ ತಿಳಿಶಲಿ.

ಮತ್ತೊಂದು, ಮುಖ್ಯವಾದ್ದು. ಹಳ್ಳಿಯ ಸಣ್ಣ ಪೋಸ್ಟಾಪೀಸಿಲೇ ಅರ್ಜಿ ಕೊಡ್ಲೆ ಎಡಿಯೆಕ್ಕು, ಪುಸ್ತಕ ಮನಗೆ ಬರೆಕ್ಕು. ಇದು ಎಡಿಯದ್ದ ಕೆಲಸ ಹೇಳಿ ಹೇಳೆಡಿ. ಎಜಮಾನ್ರ ಬೇಂಕಿನ ಚೆಕ್ಕು ಪುಸ್ತಕವ ಎಂಗಳ ಮನೆಯ ಜಾಲಿಂಗೆ ತಂದು ಕೊಡುದು ಆರು? ಪೋಸ್ಟುಮೇನನೇ! ಅವರ ಚೆಕ್ಕು ಪುಸ್ತಕ ಮಳೆಲಿ ಕೊಡೆ ಹಿಡುದೊಂಡು ಗುಡ್ಡೆ ಹತ್ತಿ ಬತ್ತು. ಪೋಸ್ಟಾಪೀಸಿನದ್ದೇ ಖಾತೆದಾರಿ ಆನು, ಎನ್ನ ಪುಸ್ತಕಕ್ಕೆ ಆನು ಎರಡು ಸರ್ತಿ ಪೇಟೆಗೆ ಹೋಯೆಕ್ಕು. ಮನೆ ಮನೆಯ ಕಾಗದ ತಂದು ಕೊಡುವ ಇಲಾಖೆಗೆ ಅದರ ಸ್ವಂತ ಖಾತೆದಾರಿಯ ಮನೆ ದಾರಿ ಗೊಂತಿಲ್ಲೆಯೋ?

ಅಕೇರಿಗೆ ಒಂದು. "ಯಜಮಾನರಿಗೆ ಗೊತ್ತುಂಟಾ?" ಹೇಳಿ ಆರತ್ರೂ ಕೇಳೆಡಿ. ಎಜಮಾನ್ರು ಚೆಕ್ಕು ಪುಸ್ತಕಕ್ಕೆ ಹೋದರೆ "ಮನೆಯವರಿಗೆ ಗೊತ್ತುಂಟಾ?" ಹೇಳಿ ಕೇಳ್ತವೋ? ಇಲ್ಲೆನ್ನೆ.

ಅಬ್ಬೆಗೆ ಕಣ್ಣು ಚೆಂದ ಕಾಣ್ತು ಈಗ. ಆಪರೇಷನ್ ಆಗಿ ಒಂದು ತಿಂಗಳು ಕಳುದ ಮತ್ತೆ ಹೋಗಿತ್ತಿದ್ದೆ. ಎನ್ನ ಹತ್ತರೆ ಕೂರುಸಿಗೊಂಡು ಮೋರೆ ನೋಡಿ, "ನಿನ್ನ ತಲೆಕಸವು ಇಷ್ಟು ಬೆಳಿ ಆದ್ದು ಯೇವಗ ಮಗಳೇ?" ಹೇಳಿ ಕೇಳಿತ್ತು. ಕೊಶಿ ಆತೋ ಬೇಜಾರಾತೋ ಗೊಂತಾಯಿದಿಲ್ಲೆ, ಇಬ್ರೂ ನೆಗೆ ಮಾಡಿದೆಯೊ.

ಮೊನ್ನೆ ಕಪಾಟು ಒತ್ತರೆ ಮಾಡಿ ಮುಗುಶುವಗ ಎನ್ನ ಚೆಕ್ಕು ಪುಸ್ತಕವನ್ನೂ ಪಾಸ್ ಪುಸ್ತಕವನ್ನೂ ಅತ್ತೆಯ ಅದೇ ಬಿಸ್ಕತ್ತಿನ ಡಬ್ಬಿಲಿ ಮಡಗಿದೆ. ಎನ್ನ ಪಾಸ್ ಪುಸ್ತಕಲ್ಲಿ ತೆಗದ ಸಾಲು ಈಗ ಒಂಬತ್ತು ಇದ್ದು. ಅದರ್ಲಿ ನಾಲ್ಕು ಚೆಕ್ಕಿಂದು. ಒಂದು ಅಬ್ಬೆಯ ಕಣ್ಣಿಂಗೆ, ಒಂದು ಮಗಳಿಂಗೆ ಹೊಲಿಗೆ ಮಿಶನಿಂಗೆ, ಒಂದು ಹಟ್ಟಿಯ ಮಾಡು ರಿಪೇರಿಗೆ. ನಾಲ್ಕನೇದು ಎಂತಕೆ ಹೇಳಿ ಆರಿಂಗೂ ಹೇಳಿದ್ದಿಲ್ಲೆ, ನಿಂಗೊಗೂ ಹೇಳ್ತಿಲ್ಲೆ!

ಇದರ ಓದಿಕ್ಕಿ ನಿಂಗೊ ಒಂದು ಕೆಲಸ ಮಾಡಿ. ನಿಂಗಳ ಮನೆಲಿ ಅಜ್ಜಿ, ಅಬ್ಬೆ, ಅತ್ತೆ ಆರಿದ್ದರೂ ಅವರ ಪೋಸ್ಟಾಪೀಸಿನ ಪುಸ್ತಕವ ಅವರತ್ರೆ ಕೇಳಿಯೇ ತೆಗದು ನೋಡಿ. ತೆಗದ ಸಾಲು ಎಷ್ಟಿದ್ದು ಹೇಳಿ ಎಣಿಶಿ. ಕಮ್ಮಿ ಇದ್ದರೆ, ಅವಕ್ಕೆ ಬೇಕಾದ್ದು ಕಮ್ಮಿ ಇತ್ತು ಹೇಳಿ ಗ್ರೇಶೆಡಿ. ಒಂದರಿ ಪೇಟೆಗೆ ಕರಕ್ಕೊಂಡು ಹೋಗಿ, ಎಂತಕೆ ಹೇಳಿ ಮಾಂತ್ರ ಕೇಳೆಡಿ.